ಸಿಂಕ್ ಜಾಮ್ ಆಯ್ತಂತ ಪುಡಿ ಸುರೀಬ್ಯಾಡ, ತಮ್ಮಾ

ಔರಾದಿನಾಗ ನಿಮ್ಮ ಮನಿ ಬಚ್ಚಲ ನೀರು ಸೀದಾ ಹಿತ್ತಲ ಬಾಳಿ ಗಿಡಕ್ಕ ಹೋಗ್ತಿತ್ತು. ಈಗ ಬೀದರದಾಗ ಬಾಡಿಗಿ ಮನಿ ಹಿಡದಿ, ಪೈಪಿನ ಸ್ವಭಾವ ಕಲೀಬೇಕು. ಸಿಂಕಿನಾಗ ನೀರು ನಿಂತು ನಿಂತು ಹೋಗ್ಲಿಕತ್ತದ ಅಂದಕೂಡ್ಲೆ ಅಂಗಡಿಗಿ ಓಡಬ್ಯಾಡ.

ನಮ್ಮ ಕಡಿ ಚಳಿಗಾಲದಾಗ ಈ ಕಾಟ ಜಾಸ್ತಿ. ಡಾಲ್ಡಾ, ತುಪ್ಪ, ಪಾಮ್ ಎಣ್ಣಿ ಪೈಪಿನೊಳಗ ಹೆಪ್ಪುಗಟ್ಟಿ ಹತ್ಕೊಂತಾವ. ಅದರ ಮ್ಯಾಲ ಪರಾತ ತೊಳದ ಹಿಟ್ಟು, ಚಾಪತ್ತಿ, ಅನ್ನದ ಅಗಳು. ಎಳ್ಳಮಾವಾಸಿ ಮರುದಿನ ಅಂತೂ ಕೇಳಬ್ಯಾಡ, ಭಾಲ್ಕಿ ಹೊಲದಾಗ ಭಜ್ಜಿ ಉಂಡು ಬಂದವರ ಪಾತೇಲಿ ಎಲ್ಲಾ ಸಿಂಕಿಗೇ ಬೀಳ್ತಾವ. ತಳದ ಕಡ್ಲಿಹಿಟ್ಟು ಮೊದಲು ಒರಸಿ ತೆಗದ್ರ ಅರ್ಧ ಜಗಳ ಅಲ್ಲೇ ಮುಗೀತದ.

ಸಿಂಕಿನ ಕೆಳಗ ಬಗ್ಗಿ ನೋಡು. ಗಿಡ್ಡ ಬಾಟಲಿಯಂಥಾದ್ದು ಇದ್ರ ಅದೇ ಬಾಟಲ್ ಟ್ರ್ಯಾಪ್. ಮನಿ ನಾರಬಾರದಂತ ಅದರಾಗ ಯಾವಾಗ್ಲೂ ಸ್ವಲ್ಪ ನೀರು ನಿಂತಿರತದ, ಕಸಾನೂ ಅಲ್ಲೇ ಕೂಡತದ. ಕೆಳಗ ಬಕೆಟ್ ಇಡು, ತಳದ ಬಟ್ಟಲ ಕೈಲೇ ತಿರುವು. ಕರ್ರಗ, ಲೋಳಿ ಲೋಳಿ ಗಂಟು ಧಪ್ಪನ ಬೀಳ್ತದ. ಮೂಗು ಮುಚ್ಕೋ, ಆದ್ರ ವಾಶರ್ ಮ್ಯಾಲ ಕಣ್ಣಿರ್ಲಿ. ರೂಢಿ ಬಲದ ಮ್ಯಾಲ ಬಟ್ಟಲ ಅದೇ ಸಿಂಕಿನಾಗ ತೊಳೀಲಿಕ್ಕ ಹೋಗಿ ಕಾಲು ತೊಯ್ಸಿಕೊಂಡವರು ಬಾಳ ಮಂದಿ ಇದ್ದಾರ!

ನೌಬಾದಿನ ಸುರಂಗ ಬಾವಿ ನೋಡಿದ್ದಿಯಲ್ಲ? 15ನೇ ಶತಮಾನದ ಬಹಮನಿ ಕೆಲಸ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮ್ಯಾಲಿಂದ ಬಾವಿ ತೋಡ್ಯಾರ, ಗಾಳಿಗೂ ಆಯ್ತು, ಇಳದು ಹೂಳು ತಗೀಲಿಕ್ಕೂ ಆಯ್ತು. ಈ ಬಟ್ಟಲಾನೂ ಹಂಗೇ ಕೈ ಹಾಕ್ಲಿ ಅಂತೇ ಇಟ್ಟದ್ದು.

ತಿರುಗಿ ಕೂಡಿಸಿ, ಕೈ ತಾಳುವಷ್ಟು ಬಿಸಿನೀರಿಗಿ ಸಾಬೂನು ಕಲಸಿ ಸುರಿ. ಕುದಿನೀರು ಬ್ಯಾಡ, ಪಿವಿಸಿ ಪೈಪು ಮೆತ್ತಗಾಗಿ ಜೋಡು ಬಿಡತದ. ಸೋಡಾಪುಡಿ-ವಿನೆಗರ್ ನೊರಿ ನೋಡ್ಲಿಕ್ಕ ಚಂದ, ಜಿಡ್ಡು ಮಾತ್ರ ಅಲ್ಲೇ ಇರತದ. ಕಾಸ್ಟಿಕ್ ಪುಡಿ ನೀರಿಗಿ ಬಿದ್ರ ಕುದೀತದ, ಕಣ್ಣಿಗಿ ಹಾರಿದ್ರ ಕಣ್ಣೇ ಹೋಗಬಹುದು. ಬ್ಲೀಚಿಂಗ್ ಪುಡಿಗಿ ಆ್ಯಸಿಡ್ ಅಂತೂ ಎಂದೂ ಕೂಡಿಸಬ್ಯಾಡ, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟತದ.

ಇಷ್ಟಾದ್ರೂ ನೀರು ಇಳೀಲಿಲ್ಲಂದ್ರ ಹೊರಗಿನ ಚೇಂಬರ್ ಮುಚ್ಚಳ ತಗದು ನೋಡು, ಗಂಟು ಅಲ್ಲಿರಬಹುದು. ಅದೂ ಖಾಲಿ ಇದ್ರ ಪ್ಲಂಬರ್‌ನ ಕರಿ. ಪುಡಿ ಏನರೆ ಸುರದಿದ್ರ ಅಂವ ಪೈಪಿಗಿ ಕೈ ಹಚ್ಚೋಕಿಂತ ಮೊದಲೇ ಹೇಳಿಬಿಡು.