ಚಳಿಗಾಲದ ಹೂದೋಟದ ಯೋಜನೆ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಿಡುವಳಿದಾರರ ತಿಳಿವಳಿಕೆಗಾಗಿ)

ಹಿಂಗಾರು ಮಳೆಯು ಹಿಂದೆಗೆದು ರಾಗಿಯ ಕೊಯ್ಲು ಮುಗಿಯುವ ಹೊತ್ತಿಗೆ ಮನೆಯ ಮುಂದಣ ನೆಲವೂ ಹಿತ್ತಿಲೂ ಬರಿದಾಗಿ ಕಾಣುವುದುಂಟು. ಆದರೆ ಕಾರ್ತಿಕದಿಂದ ಮಾಘದವರೆಗಿನ ಕಾಲವು ಈ ಸೀಮೆಯಲ್ಲಿ ಹೂವಿಗೆ ಬಹು ಅನುಕೂಲವಾದುದು. ಬಿಸಿಲು ಹದವಾಗಿರುತ್ತದೆ, ನೆಲದ ತೇವವು ಬೇಗನೆ ಆರದು. ಮುಂಚಿತವಾಗಿ ಯೋಚಿಸಿ ನೆಟ್ಟಲ್ಲಿ ಒಂದು ಗುಂಟೆ ನೆಲವು ಮನೆಗೆ ಅಂದವನ್ನೂ, ದೇವರಿಗೆ ಹೂವನ್ನೂ, ಹೊಗೆಸೊಪ್ಪು ಬೆಳೆಯುವವರಿಗೆ ಮುಂದಿನ ವರ್ಷದ ಸಸಿಮಡಿಯ ರಕ್ಷಣೆಯನ್ನೂ ಒದಗಿಸಬಲ್ಲದು.

1. ನೆಲ.— ಹುಣಸೂರು, ಪಿರಿಯಾಪಟ್ಟಣಗಳ ಮರಳುಮಿಶ್ರಿತ ಕೆಂಪು ಭೂಮಿಯು ನೀರನ್ನು ಬೇಗ ಇಳಿಸಿಬಿಡುವುದರಿಂದ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಸೇರಿಸತಕ್ಕದ್ದು. ಕೃಷ್ಣರಾಜನಗರದ ನಾಲೆಯ ಕೆಳಗಣ ಜಮೀನಿನಲ್ಲಿಯೂ ಹೆಗ್ಗಡದೇವನಕೋಟೆಯ ಕಪ್ಪು ಮಣ್ಣಿನಲ್ಲಿಯೂ ನೀರು ನಿಂತು ಬೇರು ಕೊಳೆಯದಂತೆ ಪಾತಿಗಳನ್ನು ಅರ್ಧ ಅಡಿ ಎತ್ತರಿಸಬೇಕು.

2. ಸಾಲುಗಳ ಕ್ರಮ.— ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಎತ್ತರದ ಗಿಡಗಳು ಉತ್ತರಕ್ಕೂ ಗಿಡ್ಡನೆಯವು ದಕ್ಷಿಣಕ್ಕೂ ಇರತಕ್ಕದ್ದು. ಉತ್ತರದ ಅಂಚಿನಲ್ಲಿ ಅವರೆಯ ಚಪ್ಪರ ಅಥವಾ ದಾಸವಾಳದ ಬೇಲಿ, ಅದರ ಮುಂದೆ ಚೆಂಡು ಹೂ, ಅನಂತರ ಸೇವಂತಿಗೆ, ಎಲ್ಲಕ್ಕೂ ಮುಂದೆ ಕನಕಾಂಬರ: ಹೀಗೆ ನೆಟ್ಟರೆ ಒಂದರ ನೆರಳು ಮತ್ತೊಂದರ ಮೇಲೆ ಬೀಳದು, ನೋಟಕ್ಕೂ ಮೆಟ್ಟಿಲು ಕಟ್ಟಿದಂತೆ ಇರುವುದು.

3. ಕಾಲ.— ಸೇವಂತಿಗೆಯೂ ನಾಡ ಅವರೆಯೂ ಹಗಲು ಮೊಟಕಾದ ಮೇಲೆ ಹೂ ಬಿಡುವ ಜಾತಿಗಳು. ಸೇವಂತಿಗೆಯ ಕಂದುಗಳನ್ನು ಜೂನ್, ಜುಲೈ ತಿಂಗಳಲ್ಲಿಯೇ ನೆಡಬೇಕು. ತಡವಾಗಿ ನೆಟ್ಟ ಗಿಡವು ಬೆಳೆಯುವುದಕ್ಕೆ ಮುಂಚೆಯೇ ಮೊಗ್ಗೊಡೆದು ಹೂ ಕಡಮೆಯಾಗುವುದು. ಚೆಂಡು ಹೂವಿನ ಬೀಜವನ್ನು ಅಕ್ಟೋಬರ್ ಮೊದಲಲ್ಲಿ ಚೆಲ್ಲಿ, ಸುಮಾರು 30 ದಿನದ ಸಸಿಯನ್ನು ಒಂದೂವರೆ ಅಡಿಗೊಂದರಂತೆ ನೆಟ್ಟರೆ ಸಂಕ್ರಾಂತಿಯ ಹೊತ್ತಿಗೆ ಹೂ ಕೈಗೆ ಬರುವುದು. ಒಂದು ಗುಂಟೆಗೆ, ಅಂದರೆ 1,089 ಚದರಡಿಗೆ, ಸುಮಾರು 480 ಸಸಿಗಳು ಹಿಡಿಯುವುವು. ನೆಟ್ಟ ಒಂದು ತಿಂಗಳಿಗೆ ಕುಡಿಯನ್ನು ಚಿವುಟಿದರೆ ಕವಲುಗಳೊಡೆದು ಹೂ ಹೆಚ್ಚುವುದು. ಆದರೆ ಹೂ ಕೆಲವು ದಿನ ತಡವಾಗುವುದರಿಂದ, ಹಬ್ಬಕ್ಕೆಂದು ಬೆಳೆಯುವವರು ಬೀಜವನ್ನು ಒಂದೆರಡು ವಾರ ಮುಂಚೆಯೇ ಚೆಲ್ಲುವುದು ಒಳ್ಳೆಯದು.

4. ಹೊಗೆಸೊಪ್ಪಿನ ಮಡಿ.— ಮಾರ್ಚ್ ತಿಂಗಳಿನಲ್ಲಿ ಹೊಗೆಸೊಪ್ಪಿನ ಸಸಿಮಡಿ ಮಾಡುವವರು ಈ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಬೇರುಗಂಟು ರೋಗವನ್ನುಂಟುಮಾಡುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ಮಣ್ಣಿನಲ್ಲಿದ್ದು ಸಸಿಯ ಬೇರನ್ನು ಹೊಕ್ಕು ಗಂಟು ಕಟ್ಟಿಸುತ್ತವೆ. ಬಿಡುವಿನ ತಿಂಗಳಲ್ಲಿ ಅದೇ ಸ್ಥಳದಲ್ಲಿ ಟೊಮೇಟೊ, ಬದನೆ, ಬೆಂಡೆಗಳನ್ನು ಹಾಕಿದರೆ ಆ ಹುಳುಗಳಿಗೆ ಆಹಾರವನ್ನಿಟ್ಟು ಸಾಕಿದಂತೆಯೇ ಸರಿ. ಚೆಂಡು ಹೂವಿನ ಬೇರಿನಲ್ಲಾದರೋ ಈ ಹುಳುಗಳನ್ನು ಕೊಲ್ಲುವ ಪದಾರ್ಥವಿದೆ. ಆದಕಾರಣ ಮಡಿಯ ಸ್ಥಳವನ್ನೇ ಹೂದೋಟವನ್ನಾಗಿ ಮಾಡಿ, ನವೆಂಬರ್ ತಿಂಗಳಿನಲ್ಲಿ ಚೆಂಡು ಹೂವನ್ನು ಅಡಿಗೊಂದರಂತೆ ಒತ್ತಾಗಿ ನೆಟ್ಟು, ಫೆಬ್ರವರಿ ಮೊದಲಲ್ಲಿ ಗಿಡವನ್ನು ಕತ್ತರಿಸಿ ಮಣ್ಣಿಗೆ ಸೇರಿಸತಕ್ಕದ್ದು. ಅಂಚಿನಲ್ಲಿ ನಾಲ್ಕು ಗಿಡ ನೆಟ್ಟರೆ ಫಲವಿಲ್ಲ; ಸ್ಥಳವೆಲ್ಲವೂ ತುಂಬಿರಬೇಕು. ಕಳೆಗಳಲ್ಲಿಯೂ ಹುಳು ಬದುಕುವುದರಿಂದ ಅವನ್ನು ಕಿತ್ತುಹಾಕಬೇಕು. ಇದರಿಂದ ಹುಳು ನಿರ್ಮೂಲವಾಗದಿದ್ದರೂ ಬಹಳ ಮಟ್ಟಿಗೆ ತಗ್ಗುವುದು.

5. ನೀರು.— ಕೆಂಪು ಭೂಮಿಗೆ ನಾಲ್ಕೈದು ದಿನಕ್ಕೊಮ್ಮೆಯೂ ಕಪ್ಪು ಭೂಮಿಗೆ ಅದಕ್ಕಿಂತ ವಿರಳವಾಗಿಯೂ ನೀರು ಕೊಡಬೇಕು. ಗಿಡದ ಬುಡಕ್ಕೆ ತರಗೆಲೆ ಹೊದಿಸಿದರೆ ನೀರು ಉಳಿಯುವುದು. ಬೇಸಗೆಗೆ ಬಾವಿ ಬತ್ತುವ ಊರುಗಳಲ್ಲಿ ತೋಟವನ್ನು ಅರ್ಧ ಗುಂಟೆಗೆ ಮಿತಗೊಳಿಸುವುದೇ ಜಾಣತನ.

ಹೂ ಮುಗಿದ ಮೇಲೆ ಸೇವಂತಿಗೆಯ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಕಂದುಗಳನ್ನು ಕಾಪಾಡಿಕೊಳ್ಳಬೇಕು. ಗ್ರಾಮದ ಮುಖಂಡರು ಮೊದಲು ಶಾಲೆಯ ಅಥವಾ ದೇವಸ್ಥಾನದ ಮುಂದೆ ಇಂಥ ಒಂದು ತೋಟವನ್ನು ಮಾಡಿಸಿ, ಉಳಿದ ಬೀಜವನ್ನೂ ಕಂದುಗಳನ್ನೂ ನೆರೆಯವರಿಗೆ ಹಂಚಿದಲ್ಲಿ, ಕಣ್ಣಾರೆ ಕಂಡ ರೈತರು ತಾವಾಗಿಯೇ ಅನುಸರಿಸುವರು.