ಡಿ ಡ್ರೈವ್ ನಂಬಿ ಫಾರ್ಮ್ಯಾಟ್ ಮಾಡಿಸಬೇಡಿ

ಹುಣಸೂರಿನಲ್ಲಿ ಲಗ್ನಪತ್ರಿಕೆ ಡಿಟಿಪಿ ಅಂಗಡಿ ನಡೆಸುವ ನೀವು, ಎಲ್ಲವನ್ನೂ ಡಿ ಡ್ರೈವ್‌ಗೆ ಹಾಕಿದ್ದೇನೆ, ಹೊಸ ವಿಂಡೋಸ್ ಹಾಕಿಸಬಹುದೇ ಎಂದು ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಸಿ, ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಇನ್‌ಸ್ಟಾಲ್ ಮಾಡುವವರು ಪಾರ್ಟಿಷನ್‌ಗಳನ್ನೆಲ್ಲ ಅಳಿಸಿದರೆ ಎರಡೂ ಹೋದವು. ಹೊರಗಿನ ಹಾರ್ಡ್‌ಡಿಸ್ಕ್ ಬೇಕೇ ಬೇಕು.

ನಿಮ್ಮ ಕಸುಬಿಗೆ ನಿಜವಾದ ಕುತ್ತು ಫಾಂಟಿನದು. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪಾದ ಫೈಲಿನೊಳಗಿರುವುದು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವಧೂವರರ ಹೆಸರೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಗಾಬರಿಯಾಗಿ ಅಳಿಸಬೇಡಿ, ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಆದ್ದರಿಂದ ನುಡಿಯ ಇನ್‌ಸ್ಟಾಲರನ್ನೂ ಫಾಂಟ್ಸ್ ಫೋಲ್ಡರಿನ ಕನ್ನಡ ಫಾಂಟುಗಳನ್ನೂ ಮೊದಲು ಕಾಪಿ ಮಾಡಿ. ಪೇಜ್‌ಮೇಕರ್ ಫೈಲಿಗೆ ಲಿಂಕ್ ಆಗಿರುವ ಗಣಪತಿ ಚಿತ್ರಗಳೂ ಜೊತೆಗಿರಲಿ.

ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ, ಅವನ್ನೂ ಕಾಪಿ ಮಾಡಿ. ಬ್ರೌಸರಿನ ಪಾಸ್‌ವರ್ಡುಗಳನ್ನು ಬರೆದಿಡಿ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ನಿಜ. ಹಾಗೆಂದು ಕೈಯಲ್ಲಿ ಆರ್ಡರ್ ಇರುವಾಗಲೇ ಈ ಕೆಲಸಕ್ಕೆ ಕೂರಬೇಡಿ.

ಕಾಪಿಯಾದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ. ಇನ್‌ಸ್ಟಾಲ್ ಶುರುಮಾಡುವ ಮುನ್ನ ಆ ಹಾರ್ಡ್‌ಡಿಸ್ಕನ್ನು ಕಿತ್ತು ಪಕ್ಕಕ್ಕಿಡಿ.