ಏಳು ಸೀಟಿನ ಗಾಡಿ ಮತ್ತು ಸಿಎನ್‌ಜಿ ಲೆಕ್ಕ

2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದ ಮೇಲೆ ನಮ್ಮ ಮನೆಗೆ ಎರ್ಟಿಗಾ ಬಂತು. ಪೆಟ್ರೋಲ್, ಮ್ಯಾನ್ಯುಯಲ್. ಆನ್ ರೋಡ್ ಹತ್ತಿರ ಹತ್ತಿರ 12 ಲಕ್ಷ. ಅಪ್ಪ, ಅಮ್ಮ, ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು ಒಂದೇ ಗಾಡಿಯಲ್ಲಿ ಊರಿಗೆ ಹೋಗಬೇಕು ಅನ್ನುವುದೇ ಕಾರಣ. ಅಂದಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: ಸಿಎನ್‌ಜಿ ಯಾಕೆ ತಗೊಳ್ಳಲಿಲ್ಲ?

ಕಿಲೋಮೀಟರಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಆ ಉಳಿತಾಯಕ್ಕೆ ಮೊದಲೇ ಎಷ್ಟು ಕಟ್ಟಬೇಕು ಎಂಬ ಲೆಕ್ಕ ಮಾತ್ರ ಶೋರೂಮಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ನಾನು ಹೋದ ಶೋರೂಮಿನಲ್ಲೂ ಎಕ್ಸ್ ಶೋರೂಮ್ ವ್ಯತ್ಯಾಸವನ್ನಷ್ಟೇ ತೋರಿಸಿದರು. ಕರ್ನಾಟಕದಲ್ಲಿ ಗಾಡಿ ಬೆಲೆ 5ರಿಂದ 10 ಲಕ್ಷದ ಒಳಗಿದ್ದರೆ ರಸ್ತೆ ತೆರಿಗೆ ಶೇ 14, ಅದನ್ನು ದಾಟಿ 20 ಲಕ್ಷದವರೆಗೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಪೆಟ್ರೋಲ್ ಗಾಡಿ 9.85 ಲಕ್ಷ, ಅದೇ ವೇರಿಯಂಟಿನ ಸಿಎನ್‌ಜಿ 10.80 ಲಕ್ಷ ಎಂದು ಹಿಡಿಯೋಣ. ಮೊದಲನೆಯದಕ್ಕೆ ಸೆಸ್ ಸೇರಿ ತೆರಿಗೆ 1.53 ಲಕ್ಷ, ಎರಡನೆಯದಕ್ಕೆ 2.04 ಲಕ್ಷ. ಅಂದರೆ ಸಿಎನ್‌ಜಿಗೆ ನಾವು ಹೆಚ್ಚಿಗೆ ಕೊಡುವುದು 95 ಸಾವಿರವಲ್ಲ, 1.45 ಲಕ್ಷಕ್ಕೂ ಮೇಲೆ.

ಇನ್ನು ಇಂಧನ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿಯೋಣ, ಊರು ಹೈವೇ ಎರಡೂ ಸೇರಿ 15 ಕಿ.ಮೀ. ಸಿಎನ್‌ಜಿ ಕೆ.ಜಿ.ಗೆ 89 ರೂಪಾಯಿ ಎಂದಿಟ್ಟುಕೊಳ್ಳೋಣ, 21 ಕಿ.ಮೀ. ಕಂಪನಿ ಹೇಳುವ ಮೈಲೇಜ್ ಇದಕ್ಕಿಂತ ಬಹಳ ಹೆಚ್ಚು, ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಅದು ಸಿಗುವುದಿಲ್ಲ. ಪೆಟ್ರೋಲಿಗೆ ಕಿ.ಮೀ.ಗೆ 6.85 ರೂ. ಆಸುಪಾಸು, ಸಿಎನ್‌ಜಿಗೆ 4.25. ಉಳಿಯುವುದು 2.60. ಹೆಚ್ಚಿಗೆ ಕಟ್ಟಿದ ಹಣ ವಾಪಸ್ ಬರಲು 56 ಸಾವಿರ ಕಿ.ಮೀ. ಓಡಿಸಬೇಕು. ಆ ಹಣವನ್ನೂ ಶೇ 9ರ ಬಡ್ಡಿಯಲ್ಲಿ 5 ವರ್ಷಕ್ಕೆ ಸಾಲ ತಂದಿದ್ದರೆ ಬಡ್ಡಿಯೇ 35 ಸಾವಿರ ದಾಟುತ್ತದೆ. ಆಗ ಲೆಕ್ಕ 70 ಸಾವಿರ ಕಿ.ಮೀ.ಗೆ ಹೋಗಿ ನಿಲ್ಲುತ್ತದೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವ ಮನೆಗೆ ಹೆಚ್ಚು ಕಡಿಮೆ 6 ವರ್ಷ. ತಿಂಗಳಿಗೆ ಎರಡೂವರೆ ಸಾವಿರ ಓಡಿಸುವವರಿಗೆ ಸುಮಾರು ಎರಡೂಕಾಲು ವರ್ಷದಲ್ಲೇ ಆ ಹಣ ಹುಟ್ಟುತ್ತದೆ, ಅವರು ಕಣ್ಣುಮುಚ್ಚಿ ಸಿಎನ್‌ಜಿ ತಗೊಳ್ಳಲಿ.

ಸಿಎನ್‌ಜಿಗೆ ಹೆಚ್ಚಿಗೆ ಬೀಳುವ ಹಣದ ಬಗ್ಗೆ ಶೋರೂಮಿನವರ "ತಿಂಗಳಿಗೆ ಎರಡು ಸಾವಿರದ ಚಿಲ್ಲರೆ ಅಷ್ಟೇ ಸಾರ್, ಏಳು ವರ್ಷ ಹಾಕೋಣ" ಎಂಬ ಮಾತು ಕೇಳಿದರೆ ನನಗೆ ಸಹನೆ ಉಳಿಯುವುದಿಲ್ಲ. ಏಳು ವರ್ಷದ ಕಾರ್ ಲೋನನ್ನು ಸಂಬಳದ ಮನೆಗೆ ಮಾರುವುದೇ ತಪ್ಪು. ಅದೇ ಶೇ 9ರ ದರದಲ್ಲಿ 10 ಲಕ್ಷಕ್ಕೆ 5 ವರ್ಷದಲ್ಲಿ ಕಟ್ಟುವ ಬಡ್ಡಿ 2.45 ಲಕ್ಷ, 7 ವರ್ಷದಲ್ಲಿ 3.51 ಲಕ್ಷ. ಗಾಡಿ ಹಳತಾಗಿ ಟೈರು, ಬ್ಯಾಟರಿ, ಕ್ಲಚ್ಚಿನ ಖರ್ಚು ಬಾಗಿಲಿಗೆ ಬಂದು ನಿಂತಾಗಲೂ ಕಂತು ಮುಗಿದಿರುವುದಿಲ್ಲ.

ಸಿಎನ್‌ಜಿ ಬೇಡ ಎನ್ನಲು ಇನ್ನೊಂದು ಕಾರಣ ಡಿಕ್ಕಿ. ಮೂರೂ ಸಾಲು ಎತ್ತಿದಾಗ ಎರ್ಟಿಗಾದಲ್ಲಿ ಉಳಿಯುವುದೇ 209 ಲೀಟರ್ ಜಾಗ, ಅಲ್ಲೇ ಸಿಲಿಂಡರ್ ಕೂರುತ್ತದೆ. ಊರಿಂದ ಹೊರಡುವಾಗ ಅಮ್ಮ ಕಟ್ಟಿಕೊಡುವ ಅಕ್ಕಿಚೀಲ, ತೆಂಗಿನಕಾಯಿ, ಉಪ್ಪಿನಕಾಯಿ ಡಬ್ಬ ಎಲ್ಲಿ ಇಡುವುದು? ಏಳು ಜನ ಕೂರಲೆಂದೇ ತಂದ ಗಾಡಿಗೆ ಮೇಲೆ ಕ್ಯಾರಿಯರ್ ಕಟ್ಟಬೇಕಾಗುತ್ತದೆ.

ಪೆಟ್ರೋಲ್ ಗಾಡಿಗೂ ಕೊರತೆ ಇದೆ. ಏಳು ಜನ ಕೂತು ಎಸಿ ಹಾಕಿ ಆಗುಂಬೆ ಘಾಟಿ ಹತ್ತಿದರೆ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತದೆ, ಕಡಿದಾದ ತಿರುವಿನಲ್ಲಿ ಒಂದಕ್ಕೆ ಇಳಿಸಲೇಬೇಕು. ಸುರಕ್ಷತೆಯ ಮಾತು ಇನ್ನೂ ಗಂಭೀರ. ಕಾರುಗಳ ಅಪಘಾತ ಪರೀಕ್ಷೆ ಮಾಡುವ ಗ್ಲೋಬಲ್ ಎನ್‌ಸಿಎಪಿ 2019ರಲ್ಲಿ ಎರ್ಟಿಗಾಕ್ಕೆ 3 ಸ್ಟಾರ್ ಕೊಟ್ಟಿತ್ತು. 2024ರಲ್ಲಿ ಆಫ್ರಿಕಾ ಮಾರುಕಟ್ಟೆಗೆ ಹೋಗುವ, ಇಲ್ಲೇ ತಯಾರಾದ ಗಾಡಿಗೆ ಸಿಕ್ಕಿದ್ದು 1. ಇಲ್ಲಿ ಈಗ ಆರು ಏರ್‌ಬ್ಯಾಗ್ ಬರುತ್ತವೆ ನಿಜ, ಆದರೂ ನಾನು 80 ದಾಟಿಸುವುದಿಲ್ಲ. ಏಳು ಸೀಟಿನದೇ ಇನ್ನೊಂದು ಗಾಡಿ ಟ್ರೈಬರ್ ಅಗ್ಗ, 4 ಮೀಟರಿನ ಒಳಗಿರುವುದರಿಂದ ಜಿಎಸ್‌ಟಿಯೂ ಶೇ 18 ಮಾತ್ರ. ಆದರೆ ಏಳು ಜನರ ಜೊತೆ ಘಾಟಿ ಹತ್ತಲು 1 ಲೀಟರಿನ ಎಂಜಿನ್ ಸಾಲದು. ಎರ್ಟಿಗಾದ ಎರಡನೇ ಸಾಲಿಗೂ ತಂಪು ಗಾಳಿ ಬರುತ್ತದೆ, ಮಂಡಿನೋವಿರುವ ಅಪ್ಪ ಕಾಲು ಚಾಚಿ ಕೂರುತ್ತಾರೆ, ತಾಲ್ಲೂಕು ಕೇಂದ್ರದಲ್ಲೂ ಬಿಡಿಭಾಗ ಸಿಗುತ್ತದೆ. ನಮಗೆ ಬೇಕಿದ್ದದ್ದು ಇದೇ.

ಈ ಲೆಕ್ಕವೆಲ್ಲ ನಿಂತಿರುವುದು ತಿಂಗಳ ಓಟದ ಮೇಲೆ. ಗಾಡಿ ತಿಂಗಳಿಗೆ ಎಷ್ಟು ಓಡುತ್ತದೆ ಎಂದು ಕೇಳಿದರೆ ಹೆಚ್ಚಿನವರು ಅಂದಾಜಿನ ಮೇಲೆ ಹೇಳುತ್ತಾರೆ, ಆ ಅಂದಾಜು ಯಾವಾಗಲೂ ಜಾಸ್ತಿಯೇ. ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ ಬರೆಯುವ ನಾವು ಲಕ್ಷಗಟ್ಟಲೆ ಸುರಿದ ಗಾಡಿಯ ಲೆಕ್ಕ ಬರೆಯುವುದಿಲ್ಲ. ಟ್ಯಾಂಕ್ ತುಂಬಿಸಿದಾಗಲೆಲ್ಲ ಮೀಟರ್ ರೀಡಿಂಗ್ ಮತ್ತು ಲೀಟರ್ ಬರೆದಿಡಿ, ಮಕ್ಕಳ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು. ಶೋರೂಮಿಗೆ ಹೋಗುವ ಮೊದಲು ಈಗಿರುವ ಗಾಡಿಯ ಹಳೆಯ ಸರ್ವೀಸ್ ಬಿಲ್ ತೆಗೆದು ಮೀಟರ್ ರೀಡಿಂಗ್ ನೋಡಿ. ಅದರಲ್ಲಿ ತಿಂಗಳಿಗೆ 1,500 ಕಿ.ಮೀ. ಕಾಣದಿದ್ದರೆ ಪೆಟ್ರೋಲ್ ಗಾಡಿಯನ್ನೇ ಬುಕ್ ಮಾಡಿ.